ರಿಮೋಟ್ ಟ್ಯಾಂಕ್ ಕೈಕೊಟ್ಟಿತಾ? ಪಾರ್ಟ್ ತರಿಸುವ ಮೊದಲು ಎಡ ಬಲ ಅದಲು ಬದಲು ಮಾಡಿ ನೋಡಿ

ರಿಮೋಟಿನಲ್ಲಿ ಓಡಿಸುವ ಆಟದ ಯುದ್ಧಟ್ಯಾಂಕ್ ಕೈಕೊಟ್ಟ ದಿನವೇ ಎಲ್ಲರಿಗೂ ಅಪ್‌ಗ್ರೇಡ್ ನೆನಪಾಗುತ್ತದೆ. ಎಡಗಡೆ ನಿಂತುಹೋಯ್ತಾ, ಹೊಸ ಸರ್ಕ್ಯೂಟ್ ಬೋರ್ಡ್ ತರಿಸೋಣ. ಟಕ್ ಟಕ್ ಸದ್ದು ಬಂತಾ, ಸ್ಟೀಲ್ ಗೇರ್‌ಬಾಕ್ಸ್ ಹಾಕೋಣ. ಟ್ರ್ಯಾಕ್ ಕಳಚಿತಾ, ಮೆಟಲ್ ಟ್ರ್ಯಾಕ್ ಇದೆಯಲ್ಲ. ಆಮೇಲೆ ಪಾರ್ಸೆಲ್‌ಗೆ ವಾರಗಟ್ಟಲೆ ಕಾಯುವುದು, ಬಂದದ್ದನ್ನು ಹಾಕಿ ಸ್ವಿಚ್ ಒತ್ತಿದರೆ ಅದೇ ರೋಗ. ಕಾಸರಗೋಡು, ಬದಿಯಡ್ಕ, ಉಪ್ಪಳದ ಕಡೆ ಇರುವ ನಮಗೆ ಪಕ್ಕದ ಅಂಗಡಿಗೆ ಹೋಗಿ ಬೇರೆ ಪಾರ್ಟ್ ಹಾಕಿಸಿಕೊಂಡು ಬರುವ ವಿಷಯವೂ ಇದಲ್ಲ.

ಆದರೆ ಟ್ಯಾಂಕ್‌ನಲ್ಲಿ ಒಂದು ಅನುಕೂಲ ಇದೆ, ರಿಮೋಟ್ ಕಾರಿನವರಿಗೆ ಅದು ಇಲ್ಲ. ಇಲ್ಲಿ ಎಲ್ಲವೂ ಎರಡೆರಡು. ಎರಡು ಮೋಟರ್, ಎರಡು ಗೇರ್‌ಬಾಕ್ಸ್, ಎರಡು ಸ್ಪ್ರಾಕೆಟ್, ಎರಡು ಟ್ರ್ಯಾಕ್. ಸ್ಪ್ರಾಕೆಟ್ ಅಂದರೆ ಟ್ರ್ಯಾಕನ್ನು ಎಳೆಯುವ ಹಲ್ಲಿನ ಚಕ್ರ. ಟ್ರ್ಯಾಕ್ ಅಂದರೆ ನಮ್ಮಲ್ಲಿ ಹಿಟಾಚಿ ಓಡಿಸುವವರು ಚೈನ್ ಅಂತಾರಲ್ಲ, ಅದೇ. ಒಂದು ಕಡೆ ಕೆಟ್ಟರೆ ಇನ್ನೊಂದು ಕಡೆ ನಿಮ್ಮ ಕಣ್ಣೆದುರೇ ಸರಿಯಾಗಿ ನಡೆಯುತ್ತಿರುತ್ತದೆ. ಆ ಸರಿ ಇರುವ ಕಡೆಯೇ ನಿಮ್ಮ ಟೆಸ್ಟರ್. ಕೆಟ್ಟದ್ದನ್ನು ಅದರ ಜೊತೆ ಹೋಲಿಸಿ, ಅದಲು ಬದಲು ಮಾಡಿ, ಆಮೇಲೆ ದುಡ್ಡಿನ ಮಾತು.

ನಾನು ಹೇಳುತ್ತಿರುವುದು 1/16 ಅಳತೆಯ ಟ್ಯಾಂಕ್‌ಗಳ ಬಗ್ಗೆ. ಹೊಸಬರು ತೆಗೆದುಕೊಳ್ಳುವುದು ಹೆಚ್ಚಾಗಿ ಚೀನಾದ ಹೆಂಗ್ ಲಾಂಗ್ ಕಂಪನಿಯದ್ದು. ಜಪಾನಿನ ತಮಿಯಾ ಬೇರೆಯೇ ದರ್ಜೆ. ಅದು ಕಿಟ್ ಆಗಿ ಬರುತ್ತದೆ, ನಾವೇ ಜೋಡಿಸಬೇಕು, ಬೆಲೆಯೂ ಹಾಗೇ. ಇದಕ್ಕಿಂತ ಚಿಕ್ಕ, ಟ್ರ್ಯಾಕ್ ಸುಮ್ನೆ ತೋರಿಕೆಗೆ ಇದ್ದು ಅಡಿಯಲ್ಲಿ ಪುಟ್ಟ ಚಕ್ರದ ಮೇಲೆ ಓಡುವ ಆಟಿಕೆಗಳಿಗೆ ಈ ಬರಹ ಪ್ರಯೋಜನಕ್ಕೆ ಬಾರದು. ಅವು ಕೆಟ್ಟರೆ ಕೆಟ್ಟವು.

ಇನ್ನೂ ಕೊಂಡಿಲ್ಲ ಅಂದರೆ

ನೋಟ ಚೆನ್ನಾಗಿದೆ ಅಂತ ಎಲ್ಲರೂ ಮೊದಲು ಎರಡನೇ ಮಹಾಯುದ್ಧದ ಜರ್ಮನ್ ಟೈಗರ್ ಟ್ಯಾಂಕಿನ ಮಾದರಿಗೇ ಕೈ ಹಾಕುತ್ತಾರೆ. ಟೈಗರ್, ಪ್ಯಾಂಥರ್ ಎರಡರಲ್ಲೂ ಚಕ್ರಗಳು ಒಂದರ ಮೇಲೊಂದು ಹೊದ್ದ ಹಾಗೆ ಸಾಲಾಗಿರುತ್ತವೆ. ನಮ್ಮ ಮುರಕಲ್ಲಿನ ಊರಲ್ಲಿ ಅದರ ಗತಿ ಏನು ಅಂತ ಯೋಚಿಸಿ. ಆ ಚಕ್ರಗಳ ಸಂದಿಗೆ ಒಂದು ಕಡಲೆಕಾಳಿನಷ್ಟು ಕೆಂಪು ಕಲ್ಲು ಸಿಕ್ಕಿದರೆ ಸಾಕು, ಆ ಕಡೆ ಕಚ್ಚಿಕೊಂಡು ನಿಲ್ಲುತ್ತದೆ. ನಿಜವಾದ ಟೈಗರ್‌ಗೂ ರಷ್ಯಾದ ಚಳಿಯಲ್ಲಿ ಇದೇ ಪಾಡಾಗಿತ್ತು. ಚಕ್ರಗಳ ನಡುವೆ ಕೆಸರು, ಮಂಜು ಹೆಪ್ಪುಗಟ್ಟಿ ಟ್ಯಾಂಕ್ ಕದಲುತ್ತಿರಲಿಲ್ಲ. ಅಂಗಳದಲ್ಲಿ, ತೋಟದ ದಾರಿಯಲ್ಲಿ ಓಡಿಸುವ ಯೋಚನೆ ಇದ್ದರೆ ಶೆರ್ಮನ್, ಟಿ-34 ಅಥವಾ ಕೆವಿ-1 ತೆಗೆದುಕೊಳ್ಳಿ. ಚಕ್ರಗಳು ಬಿಡಿಬಿಡಿಯಾಗಿರುತ್ತವೆ, ತೊಳೆಯುವುದು ಸುಲಭ. ಮನೆಯೊಳಗೆ ಓಡಿಸುವುದಾದರೆ ಟೈಗರ್‌ಗೆ ಅಡ್ಡಿ ಇಲ್ಲ.

ಪ್ಲಾಸ್ಟಿಕ್ ಗುಂಡು ಹಾರಿಸುವ ಮಾದರಿಗಿಂತ, ಗುಂಡಿನ ಬದಲು ಕಣ್ಣಿಗೆ ಕಾಣದ ಬೆಳಕು ಬಿಡುವ ಇನ್‌ಫ್ರಾರೆಡ್ ಮಾದರಿ ಒಳ್ಳೆಯದು. ಮನೆಯಲ್ಲಿ ಮಕ್ಕಳಿದ್ದರೆ ಕಣ್ಣಿನ ಭಯ ಇರುವುದಿಲ್ಲ. ಬ್ಯಾಟರಿ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ, ವಿಮಾನದಲ್ಲಿ ಬರುವ ಪಾರ್ಸೆಲ್‌ಗೆ ಲಿಥಿಯಂ ಬ್ಯಾಟರಿ ವಿಷಯದಲ್ಲಿ ನಿಯಮ ಬಿಗಿ, ಹಾಗಾಗಿ ಕೆಲವರು ಬ್ಯಾಟರಿ ಇಲ್ಲದೇ ಕಳಿಸುತ್ತಾರೆ.

ಮೊದಲು ಮರದ ತುಂಡಿನ ಮೇಲೆ ಇಡಿ

ಯಾವ ದೋಷವೇ ಇರಲಿ, ಮುಂದೆ ಹೇಳುವ ಒಂದನ್ನು ಬಿಟ್ಟು ನೆಲದ ಮೇಲೆ ಪರೀಕ್ಷೆ ಬೇಡ. ಟ್ರ್ಯಾಕ್‌ಗಳು ನೆಲಕ್ಕೆ ತಾಗದ ಹಾಗೆ ಹೊಟ್ಟೆಯಡಿ ಒಂದು ಮರದ ತುಂಡು ಕೊಡಿ. ಒಂದು ಮಲ್ಟಿಮೀಟರ್ ಇರಲಿ, ಅಗ್ಗದ್ದೇ ಸಾಕು. ಚಿಮಟ, ಬ್ಲೇಡು, ಹಳೇ ಹಲ್ಲುಜ್ಜುವ ಬ್ರಷ್, ಬೇರೆ ಬೇರೆ ಉದ್ದದ ಸ್ಕ್ರೂಗಳನ್ನು ಬೇರೆ ಬೇರೆ ಇಡಲು ನಾಲ್ಕೈದು ಬಟ್ಟಲು. ಸ್ಕ್ರೂ ಬೆರಕೆಯಾದರೆ ಉದ್ದದ್ದು ಗಿಡ್ಡದರ ಜಾಗಕ್ಕೆ ಹೋಗಿ ಪ್ಲಾಸ್ಟಿಕ್ ಒಡೆಯುತ್ತದೆ.

ಆಮೇಲೆ ಬ್ಯಾಟರಿ ನೋಡಿ. ಈಗ ಬರುವ ಹೆಚ್ಚಿನವು 7.4 ವೋಲ್ಟಿನ ಎರಡು ಸೆಲ್ ಲಿಥಿಯಂ ಪ್ಯಾಕ್. ಪೂರ್ತಿ ಚಾರ್ಜ್ ಆದಾಗ 8.4 ವೋಲ್ಟ್ ತೋರಿಸಬೇಕು. 6.6ರ ಹತ್ತಿರ ಬಂತು ಅಂದರೆ ಆಟ ನಿಲ್ಲಿಸಿ. 6ಕ್ಕಿಂತ ಕೆಳಗೆ ಇಳಿಸಿದರೆ ಸೆಲ್ ಹಾಳು. ಹಳೇ ಟ್ಯಾಂಕ್‌ಗಳಲ್ಲಿ 7.2 ವೋಲ್ಟಿನ ನಿಕಲ್ ಪ್ಯಾಕ್ ಇರುತ್ತಿತ್ತು, ಎರಡಕ್ಕೂ ಚಾರ್ಜರ್ ಬೇರೆ. ಒಂದರದ್ದನ್ನು ಇನ್ನೊಂದಕ್ಕೆ ಹಾಕಲೇಬೇಡಿ, ಬೆಂಕಿಯ ವಿಷಯ ಅದು.

ಏನೂ ಆಗುತ್ತಿಲ್ಲ, ಸದ್ದೂ ಇಲ್ಲ

ಇದು ಕೇಳಲು ಭಯ, ನೋಡಿದರೆ ಸಾಮಾನ್ಯವಾಗಿ ಸಣ್ಣದು. ರಿಮೋಟಿನ ಸೆಲ್ ನೋಡಿ. ಬ್ಯಾಟರಿ ಪ್ಲಗ್‌ನ ಒಳಗೆ ಲೋಹದ ಪಿನ್ ಹಿಂದಕ್ಕೆ ಜಾರಿದೆಯಾ ನೋಡಿ, ಹೊರಗಿಂದ ಸರಿಯಾಗಿ ಕೂತ ಹಾಗೆ ಕಂಡರೂ ಒಳಗೆ ತಾಗಿರುವುದಿಲ್ಲ. ಕಡಲ ಕಡೆಯವರು ಪಿನ್ ಹಸಿರುಗಟ್ಟಿದೆಯಾ ಅಂತಲೂ ನೋಡಬೇಕು. ಉಪ್ಪುಗಾಳಿ ತಾಮ್ರವನ್ನು ಸುಮ್ಮನೆ ಬಿಡುವುದಿಲ್ಲ. ಕೆಲವು ಪ್ಯಾಕ್‌ಗಳೊಳಗೆ ರಕ್ಷಣೆಯ ಸರ್ಕ್ಯೂಟ್ ಇರುತ್ತದೆ, ಜಾಸ್ತಿ ಕರೆಂಟ್ ಎಳೆದಾಗ ಅದು ಬಾಗಿಲು ಹಾಕಿಕೊಳ್ಳುತ್ತದೆ. ಪ್ಲಗ್ ಬಿಚ್ಚಿ ಒಮ್ಮೆ ಚಾರ್ಜರ್‌ಗೆ ಹಾಕಿದರೆ ಮತ್ತೆ ಎಚ್ಚರವಾಗುತ್ತದೆ. ಹಾಗಾಯಿತು ಅಂದರೆ ಖುಷಿಪಡಬೇಡಿ, ಯಾಕೆ ಅಷ್ಟು ಕರೆಂಟ್ ಎಳೆಯಿತು ಅಂತ ಹುಡುಕಿ. ಎಲ್ಲೋ ಏನೋ ಬಿಗಿದುಕೊಂಡಿದೆ.

ತಿರುಗಿಸಿದರೆ ಆಫ್ ಆಗಿ ಮತ್ತೆ ಆನ್ ಆಗುತ್ತದೆ

ನೇರ ಓಡುತ್ತದೆ, ನಿಂತಲ್ಲೇ ತಿರುಗಿಸಿದರೆ ಎಂಜಿನ್ ಸದ್ದು ಕಟ್ ಆಗಿ ಮತ್ತೆ ಮೊದಲಿಂದ ಸ್ಟಾರ್ಟ್ ಆಗುತ್ತದೆ. ಬೋರ್ಡ್ ಹೋಯ್ತು ಅಂತ ಎಲ್ಲರೂ ಹೇಳುವುದು ಇದಕ್ಕೇ. ಹೆಚ್ಚಿನ ಸಲ ಬೋರ್ಡಿಗೆ ಏನೂ ಆಗಿರುವುದಿಲ್ಲ. ನಿಂತಲ್ಲೇ ತಿರುಗುವುದು ಟ್ಯಾಂಕ್‌ಗೆ ಎಲ್ಲಕ್ಕಿಂತ ಭಾರದ ಕೆಲಸ, ಎರಡೂ ಟ್ರ್ಯಾಕ್ ನೆಲವನ್ನು ಅಡ್ಡಕ್ಕೆ ಉಜ್ಜಿಕೊಂಡೇ ತಿರುಗಬೇಕು. ಆಗ ಕರೆಂಟ್ ಒಮ್ಮೆಲೇ ಏರುತ್ತದೆ, ಸೊರಗಿದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ರೀಸೆಟ್ ಆಗುತ್ತದೆ. ಹಳೇ ಬೈಕಿನ ಬ್ಯಾಟರಿ ಹಾರ್ನ್ ಹೊಡೆಯುತ್ತದೆ, ಸೆಲ್ಫ್ ಎಳೆಯುವುದಿಲ್ಲ, ಹಾಗೆ.

ಅದಕ್ಕೇ ಬ್ಯಾಟರಿಯನ್ನು ಸುಮ್ನೆ ಕೂತಿರುವಾಗ ಅಳೆದರೆ ಏನೂ ಗೊತ್ತಾಗುವುದಿಲ್ಲ. ಮೀಟರಿನ ಕಡ್ಡಿಗಳನ್ನು ಪ್ಲಗ್‌ನ ಹಿಂಬದಿಗೆ ತಾಗಿಸಿಟ್ಟು, ಒಬ್ಬರು ರಿಮೋಟ್ ಹಿಡಿದು ನೆಲದ ಮೇಲೆ ತಿರುಗಿಸಲಿ, ಇನ್ನೊಬ್ಬರು ಅಂಕಿ ನೋಡಲಿ. ಮರದ ತುಂಡಿನ ಮೇಲೆ ಮಾಡಬಾರದ ಪರೀಕ್ಷೆ ಇದೊಂದೇ, ಭಾರ ಬಿದ್ದರೆ ಮಾತ್ರ ಗುಟ್ಟು ರಟ್ಟಾಗುವುದು. 8ರ ಹತ್ತಿರ ಇದ್ದದ್ದು ತಿರುಗುವಾಗ 6ಕ್ಕೆ ಧುಮುಕಿದರೆ ಪ್ಯಾಕ್ ಹಳತಾಗಿದೆ, ಇಲ್ಲವೇ ಪ್ಲಗ್ ಸಡಿಲ. ಓಡಿಸಿದ ಮೇಲೆ ಪ್ಲಗ್ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ತಪ್ಪಿತಸ್ಥ ಅದೇ. ವೋಲ್ಟೇಜ್ ಕುಸಿಯುವುದೇ ಇಲ್ಲ, ಆದರೂ ರೀಸೆಟ್ ಆಗುತ್ತದೆ ಅಂದರೆ ಮಾತ್ರ ಬೋರ್ಡನ್ನು ಅನುಮಾನಿಸಿ.

ಟ್ಯಾಂಕ್ ಮಧ್ಯೆ ಮಧ್ಯೆ ತಾನಾಗಿ ಜರ್ಕ್ ಹೊಡೆಯುತ್ತದೆ, ರಿಮೋಟ್ ಹೇಳದ್ದನ್ನು ಮಾಡುತ್ತದೆ ಅಂದರೆ ಮೋಟರಿನ ಎರಡು ಕಾಲುಗಳ ನಡುವೆ 104 ಅಂತ ಬರೆದ ಪುಟ್ಟ ಸೆರಾಮಿಕ್ ಕೆಪಾಸಿಟರ್ ಇದೆಯಾ ನೋಡಿ. ಮೋಟರಿನ ಕಿಡಿಯಿಂದ ಬರುವ ಗಲಾಟೆಯನ್ನು ತಡೆಯುವುದು ಅದೇ. ಕಿತ್ತು ಹೋಗಿದ್ದರೆ ಊರಿನ ಯಾವ ಟಿವಿ ರಿಪೇರಿ ಅಂಗಡಿಯವರೂ ಹೊಸದನ್ನು ಸೋಲ್ಡರ್ ಮಾಡಿ ಕೊಡುತ್ತಾರೆ.

ಒಂದು ಕಡೆ ನಡೆಯುತ್ತಿಲ್ಲ

ಈಗ ಮುಖ್ಯ ವಿಷಯ. ಬ್ಯಾಟರಿ ಬಿಚ್ಚಿ. ಮೇಲಿನ ಭಾಗ ಎತ್ತುವಾಗ ಗೋಪುರಕ್ಕೆ, ಅಂದರೆ ತೋಪು ಇರುವ ತಿರುಗುವ ಭಾಗಕ್ಕೆ, ಹೋಗುವ ವೈರುಗಳನ್ನು ಜಗ್ಗಬೇಡಿ, ಮೊದಲು ಅವುಗಳ ಪ್ಲಗ್ ತೆಗೆಯಿರಿ. ಒಳಗೆ ಬೋರ್ಡಿನಿಂದ ಎರಡೂ ಮೋಟರಿಗೆ ಒಂದೊಂದು ಜೊತೆ ವೈರ್ ಹೋಗಿರುತ್ತದೆ, ಪ್ಲಗ್‌ಗಳು ಸಾಮಾನ್ಯವಾಗಿ ಒಂದೇ ಥರ. ಎಡದ ಪ್ಲಗ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ. ಮರದ ತುಂಡಿನ ಮೇಲೆಯೇ ಬ್ಯಾಟರಿ ಕೊಟ್ಟು ನೋಡಿ. ತಿರುಗುವ ದಿಕ್ಕು ಉಲ್ಟಾ ಆದರೆ ಗಾಬರಿ ಬೇಡ, ನಮಗೆ ಬೇಕಾದ್ದು ಯಾವ ಕಡೆ ಸತ್ತಿದೆ ಎನ್ನುವುದು ಮಾತ್ರ.

ಮೊದಲು ಎಡ ನಿಂತಿತ್ತು, ಪ್ಲಗ್ ಬದಲಿಸಿದ ಮೇಲೆ ಬಲ ನಿಂತಿತು: ದೋಷ ಬೋರ್ಡಿನಲ್ಲಿ. ಪ್ಲಗ್ ಬದಲಿಸಿದರೂ ಎಡವೇ ನಿಂತಿದೆ: ಬೋರ್ಡ್ ಸರಿ ಇದೆ, ದೋಷ ಎಡದ ವೈರ್, ಮೋಟರ್, ಗೇರ್‌ಬಾಕ್ಸ್ ಇಷ್ಟರೊಳಗೆ. ಒಂದು ರೂಪಾಯಿ ಖರ್ಚಿಲ್ಲದೆ ಅರ್ಧ ಟ್ಯಾಂಕ್ ಅನುಮಾನದಿಂದ ಹೊರಗೆ ಹೋಯ್ತಲ್ವಾ?

ನೀರ್ಚಾಲಿನಲ್ಲಿರುವ ಅಕ್ಕನ ಮಗನ ಟ್ಯಾಂಕ್‌ಗೆ ಇದೇ ಆಗಿತ್ತು. ಅಡಿಕೆ ಒಣಗಿಸುವ ಅಂಗಳದಲ್ಲಿ ಓಡಿಸಿದ್ದ. "ಮಾವ, ಎಡದ್ದು ಸತ್ತು ಹೋಯ್ತು, ಬೋರ್ಡ್ ಆರ್ಡರ್ ಮಾಡ್ಲಾ?" ಅಂತ ಫೋನ್. "ಬೋರ್ಡ್ ಅಲ್ಲೇ ಇರ್ಲಿ ಮಾರಾಯ, ಪ್ಲಗ್ ಬದಲಿಸಿ ನೋಡು" ಅಂದೆ. ಬದಲಿಸಿದರೂ ಎಡವೇ ನಿಂತಿತ್ತು. ಟ್ರ್ಯಾಕ್ ತೆಗೆದು ಎರಡೂ ಸ್ಪ್ರಾಕೆಟನ್ನು ಕೈಯಲ್ಲಿ ತಿರುಗಿಸಲು ಹೇಳಿದೆ. ಬಲದ್ದು ಒಂದೇ ಸಮನೆ ತಿರುಗಿತು, ಎಡದ್ದು ಅಲುಗಲೇ ಇಲ್ಲ. ಸ್ಪ್ರಾಕೆಟಿನ ನಡುವಿನ ಸ್ಕ್ರೂ ಬಿಚ್ಚಿ ಹೊರಗೆ ಎಳೆದಾಗ ಕಂಡದ್ದು ತೆಂಗಿನ ನಾರು. ಷಾಫ್ಟಿನ ಸುತ್ತ ಎಳೆ ಎಳೆಯಾಗಿ ಸುತ್ತಿಕೊಂಡು, ಗ್ರೀಸ್ ಹೀರಿ ಕಪ್ಪಾಗಿ, ಅದರ ಮೇಲೆ ಕೆಂಪು ಧೂಳು ಕೂತು ಒಂದು ಗಟ್ಟಿ ಬಳೆಯೇ ಆಗಿತ್ತು. ಚಿಮಟದಲ್ಲಿ ಎಳೆದರೆ ಬರಲಿಲ್ಲ, ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ ಸುರುಳಿ ಬಿಚ್ಚಬೇಕಾಯಿತು. ಕೊನೆಯ ಎಳೆ ಬಂದ ಕೂಡಲೇ ಷಾಫ್ಟ್ ಸಲೀಸಾಗಿ ತಿರುಗಿತು. ಅಷ್ಟೇ ರಿಪೇರಿ.

ಅವನು ಪ್ಲಗ್ ಬದಲಿಸದೆ ಹೊಸ ಬೋರ್ಡ್ ಹಾಕಿದ್ದರೆ ಏನಾಗುತ್ತಿತ್ತು? ಕಚ್ಚಿಕೊಂಡ ಮೋಟರ್ ತಿರುಗದೆ ಕರೆಂಟ್ ಮಾತ್ರ ಎಳೆಯುತ್ತದೆ, ಹೊಸ ಬೋರ್ಡೂ ಸುಡುತ್ತಿತ್ತು. ಅದಕ್ಕೇ ಪ್ಲಗ್ ಪರೀಕ್ಷೆಯಲ್ಲಿ ಬೋರ್ಡ್ ಹೋಗಿದೆ ಅಂತ ಗೊತ್ತಾದರೂ, ಹೊಸತನ್ನು ಹಾಕುವ ಮೊದಲು ಎರಡೂ ಸ್ಪ್ರಾಕೆಟ್ ಕೈಯಲ್ಲಿ ತಿರುಗಿಸಿ ನೋಡಿ. ಬೋರ್ಡ್ ತಾನಾಗಿ ಸುಡುವುದು ಕಡಿಮೆ, ಸುಡಿಸುವವರು ಕೆಳಗೆ ಇರುತ್ತಾರೆ. ಇನ್ನೊಂದು, ಬೋರ್ಡ್ ತರಿಸುವುದಾದರೆ ರಿಮೋಟ್ ಸಮೇತ ಜೋಡಿಯಾಗಿ ತರಿಸಿ. ಹೆಂಗ್ ಲಾಂಗ್‌ನ 6.0, 7.0 ಅಂತ ತಲೆಮಾರುಗಳಿವೆ, ಒಂದರ ರಿಮೋಟ್ ಇನ್ನೊಂದರ ಬೋರ್ಡಿಗೆ ಹೊಂದುತ್ತದೆ ಅಂತ ನಂಬಿ ಕೂರಬೇಡಿ.

ಸ್ಪ್ರಾಕೆಟ್ ಸಲೀಸಾಗಿ ತಿರುಗುತ್ತದೆ, ಆದರೂ ಮೋಟರ್ ಓಡುವುದಿಲ್ಲ ಅಂದರೆ ವೈರ್ ನೋಡಿ. ಮೋಟರಿನ ಕಾಲಿಗೆ ಸೋಲ್ಡರ್ ಹಾಕಿದ ಜಾಗದಲ್ಲೇ ವೈರ್ ಒಳಗಿಂದ ತುಂಡಾಗುತ್ತದೆ, ಮೇಲಿನ ಪ್ಲಾಸ್ಟಿಕ್ ಹಾಗೇ ಇರುತ್ತದೆ. ಓಡುತ್ತಿರುವಾಗ ಅದನ್ನು ಮೆಲ್ಲಗೆ ಅಲ್ಲಾಡಿಸಿದರೆ ನಿಂತು ನಿಂತು ಓಡುತ್ತದೆ. ವೈರೂ ಸರಿ ಇದ್ದರೆ ಪ್ಲಗ್ ಬಿಚ್ಚಿ ಮೋಟರಿನ ಎರಡು ಕಾಲಿಗೆ ಮೀಟರ್ ಹಿಡಿದು ಓಮ್ ಅಳೆಯಿರಿ, ಷಾಫ್ಟನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ. ಸರಿ ಇರುವ ಮೋಟರಿನಲ್ಲಿ ಎಲ್ಲಿ ನಿಲ್ಲಿಸಿದರೂ ಕಡಿಮೆ ಓಮ್ ತೋರಿಸುತ್ತದೆ. ಕೆಲವು ಜಾಗದಲ್ಲಿ ಮಾತ್ರ ಮೀಟರ್ ಏನೂ ತೋರಿಸದಿದ್ದರೆ ಒಳಗೆ ಕರೆಂಟ್ ದಾಟಿಸುವ ಬ್ರಷ್ ಸವೆದಿರಬಹುದು. ಇಲ್ಲಿಯೂ ಅಂಕಿಗಿಂತ ಇನ್ನೊಂದು ಕಡೆಯ ಮೋಟರ್ ಜೊತೆ ಹೋಲಿಸುವುದೇ ಭರವಸೆಯ ಮಾತು.

ನೇರ ಹೋಗುವುದಿಲ್ಲ, ಒಂದು ಕಡೆಗೆ ಎಳೆಯುತ್ತದೆ

ಎರಡೂ ಕಡೆ ಓಡುತ್ತವೆ, ಆದರೆ ಒಂದು ನಿಧಾನ. ರಿಮೋಟಿನಲ್ಲಿ ಟ್ರಿಮ್, ಅಂದರೆ ಎಡ ಬಲ ಸ್ವಲ್ಪ ಸ್ವಲ್ಪ ಹೊಂದಿಸುವ ಗುಬ್ಬಿ, ಇದ್ದರೆ ಅದನ್ನು ತಿರುಗಿಸಿ ಸರಿ ಮಾಡುವುದು ಎಲ್ಲರೂ ಮಾಡುವ ಕೆಲಸ, ಅದರಿಂದ ರೋಗ ಮುಚ್ಚಿಹೋಗುತ್ತದೆ ಅಷ್ಟೆ. ಟ್ರ್ಯಾಕ್ ಎರಡನ್ನೂ ತೆಗೆದು ಮರದ ತುಂಡಿನ ಮೇಲೆ ಓಡಿಸಿ. ಈಗ ಎರಡೂ ಸಮನಾಗಿ ತಿರುಗಿದರೆ ಗೇರ್‌ಬಾಕ್ಸ್, ಮೋಟರ್ ಎರಡೂ ಆರೋಗ್ಯವಾಗಿವೆ, ತೊಂದರೆ ಟ್ರ್ಯಾಕಿನಲ್ಲೋ ಚಕ್ರದಲ್ಲೋ. ಒಂದು ಕಡೆ ಟ್ರ್ಯಾಕ್ ಬಿಗಿಯಾಗಿರುತ್ತದೆ, ಅಥವಾ ಯಾವುದೋ ಒಂದು ಚಕ್ರ ತಿರುಗದೆ ಉಜ್ಜುತ್ತಿರುತ್ತದೆ. ಒಂದೊಂದಾಗಿ ಬೆರಳಲ್ಲಿ ತಿರುಗಿಸಿ. ಟ್ರ್ಯಾಕ್ ಇಲ್ಲದೆಯೂ ಒಂದು ನಿಧಾನ ಅಂದರೆ ಮತ್ತೆ ಪ್ಲಗ್ ಅದಲು ಬದಲು.

ಟಕ್ ಟಕ್ ಸದ್ದು

ಟಕ್ ಟಕ್ ಬರುವುದು ಮೂರು ಜಾಗದಿಂದ. ಟ್ರ್ಯಾಕ್ ಸ್ಪ್ರಾಕೆಟಿನ ಹಲ್ಲಿನ ಮೇಲೆ ಹಾರುವುದು, ಸ್ಪ್ರಾಕೆಟ್ ಷಾಫ್ಟಿನ ಮೇಲೆ ಜಾರುವುದು, ಗೇರ್‌ಬಾಕ್ಸ್ ಒಳಗೆ ಗೇರಿನ ಹಲ್ಲು ತಪ್ಪುವುದು. ಮೂರಕ್ಕೂ ಮದ್ದು ಬೇರೆ, ಖರ್ಚು ಬೇರೆ. ಅಂಗಡಿಯವರ ಪ್ರಕಾರ ಮಾತ್ರ ಎಲ್ಲದಕ್ಕೂ ಸ್ಟೀಲ್ ಗೇರ್‌ಬಾಕ್ಸೇ ಮದ್ದು.

ಸ್ಪ್ರಾಕೆಟ್ ಮತ್ತು ಷಾಫ್ಟಿನ ತುದಿ ಎರಡಕ್ಕೂ ಸೇರಿಸಿ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆಯಿರಿ, ಅಕ್ಕನೋ ತಂಗಿಯೋ ಕೊಡುತ್ತಾರೆ. ಸ್ವಲ್ಪ ಓಡಿಸಿ ನೋಡಿ. ಗೆರೆ ಮುರಿದಿದ್ದರೆ ಸ್ಪ್ರಾಕೆಟ್ ಜಾರುತ್ತಿದೆ, ಸ್ಕ್ರೂ ಬಿಗಿ ಮಾಡಿ, ತೂತು ಸವೆದಿದ್ದರೆ ಸ್ಪ್ರಾಕೆಟ್ ಬದಲಿಸಿ. ಗೆರೆ ಹಾಗೇ ಇದ್ದರೆ ಟ್ರ್ಯಾಕ್ ತೆಗೆದು, ಮೆಲ್ಲಗೆ ಓಡಿಸುತ್ತಾ ಸ್ಪ್ರಾಕೆಟಿಗೆ ದಪ್ಪ ಬಟ್ಟೆ ಒತ್ತಿ ಹಿಡಿಯಿರಿ, ಬೆರಳು ಹಲ್ಲಿನಿಂದ ದೂರ ಇರಲಿ. ಆಗಲೂ ಒಳಗಿಂದ ಟಕ್ ಅಂದರೆ ಗೇರ್‌ಬಾಕ್ಸ್. ಸುಮ್ಮನಿದ್ದರೆ ಟ್ರ್ಯಾಕ್ ಸಡಿಲ ಅಂತ ಲೆಕ್ಕ.

ಗೇರ್‌ಬಾಕ್ಸ್ ಅಂದ ಕೂಡಲೇ ಹಲ್ಲು ಮುರಿದಿದೆ ಅಂತಲೂ ಅಲ್ಲ. ಅದನ್ನು ಟ್ಯಾಂಕಿನ ಅಡಿಗೆ ಹಿಡಿದಿರುವ ಸ್ಕ್ರೂ ಸಡಿಲವಾಗಿ, ಪ್ಲಾಸ್ಟಿಕ್ ಕಂಬ ಬಿರುಕು ಬಿಟ್ಟು ಇಡೀ ಗೇರ್‌ಬಾಕ್ಸ್ ಅಲ್ಲಾಡುತ್ತಿರಬಹುದು. ಇಲ್ಲವೇ ಮೋಟರಿನ ಎರಡು ಸ್ಕ್ರೂ ಸಡಿಲವಾಗಿ ಅದರ ಪುಟ್ಟ ಗೇರು ಪಕ್ಕದ್ದಕ್ಕೆ ಪೂರ್ತಿ ಕಚ್ಚದೇ ಇರಬಹುದು. ಬಿಗಿ ಮಾಡುವಾಗ ಎರಡು ಗೇರಿನ ನಡುವೆ ತೆಳ್ಳಗಿನ ಕಾಗದ ಇಟ್ಟು ಬಿಗಿದು, ಆಮೇಲೆ ಕಾಗದ ಎಳೆದುಬಿಡಿ. ಬೇಕಾದಷ್ಟೇ ಸಂದಿ ಉಳಿಯುತ್ತದೆ.

ಟ್ರ್ಯಾಕ್ ಕಳಚುತ್ತದೆ

ಐಡ್ಲರ್, ಅಂದರೆ ಸ್ಪ್ರಾಕೆಟಿನ ಎದುರು ತುದಿಯ ಚಕ್ರ, ಅದನ್ನು ಹಿಡಿದು ಒಳಕ್ಕೆ ಹೊರಕ್ಕೆ ಅಲ್ಲಾಡಿಸಿ. ಎರಡೂ ಕಡೆಯದ್ದನ್ನು ಹೋಲಿಸಿ. ಜಾಸ್ತಿ ಅಲ್ಲಾಡುವ ಕಡೆಯೇ ಟ್ರ್ಯಾಕ್ ಕಳಚುವುದು. ಹಿಂದಕ್ಕೆ ಬರುತ್ತಾ ತಿರುಗುವಾಗ ಕಳಚುತ್ತದೆ, ಮುಂದಕ್ಕೆ ಹೋಗುವಾಗ ಇಲ್ಲ ಅಂತ ದೂರುವವರು ತುಂಬ ಜನ. ಶೆರ್ಮನ್, ಟೈಗರ್ ಎರಡಕ್ಕೂ ಸ್ಪ್ರಾಕೆಟ್ ಮುಂದೆ ಇದೆ. ಮುಂದಕ್ಕೆ ಹೋಗುವಾಗ ಮೇಲಿನ ಸಾಲು ಬಿಗಿಯಾಗಿರುತ್ತದೆ, ಹಿಂದಕ್ಕೆ ಬರುವಾಗ ಅದೇ ಸಾಲು ಸಡಿಲವಾಗಿ ಐಡ್ಲರ್ ಹತ್ತಿರ ಜಾರುತ್ತದೆ. ಟೆನ್ಷನ್ ಹೊಂದಿಸುವ ಐಡ್ಲರ್ ಇದ್ದರೆ ಸ್ವಲ್ಪ ಹಿಂದಕ್ಕೆ ಸರಿಸಿ, ಇಲ್ಲದಿದ್ದರೆ ಒಂದು ಕೊಂಡಿ ತೆಗೆಯಿರಿ. ತಂತಿ ಬಿಗಿದ ಹಾಗೆ ಮಾತ್ರ ಬಿಗಿಯಬೇಡಿ, ಮೋಟರಿನ ಪ್ರಾಣ ಹೋಗುತ್ತದೆ.

ಕೊಂಡಿಯ ಪಿನ್‌ಗಳು ಹೊರಗೆ ಇಣುಕುತ್ತಿವೆಯಾ ಅಂತಲೂ ಆಗಾಗ ನೋಡಿ ಒಳಗೆ ತಳ್ಳಿ. ನಿಜವಾದ ಟಿ-34ರಲ್ಲಿ ಇದಕ್ಕೆ ಮಜಾ ಉಪಾಯ ಇತ್ತು. ಪಿನ್ ಟ್ಯಾಂಕಿನ ಕಡೆಗೆ ಜಾರದ ಹಾಗೆ ತಡೆಯೇ ಇರಲಿಲ್ಲ, ಅದರ ಬದಲು ಟ್ಯಾಂಕಿನ ಬದಿಗೆ ಬೆಸೆದ ಇಳಿಜಾರು ತಗಡು ಇತ್ತು. ಟ್ರ್ಯಾಕ್ ತಿರುಗುವಾಗ ಹೊರಬಂದ ಪಿನ್ ಅದಕ್ಕೆ ಬಡಿದು ತಾನಾಗಿ ಒಳಗೆ ಹೋಗುತ್ತಿತ್ತು. ನಮ್ಮದರಲ್ಲಿ ಆ ಕೆಲಸ ಹೆಬ್ಬೆರಳಿನದ್ದು.

ಗೋಪುರ ಅರ್ಧ ತಿರುಗಿ ನಿಂತರೆ ವೈರ್ ಸಿಕ್ಕಿಕೊಂಡಿದೆ. ಹೊಗೆ ಬಿಡುವ ಮಾದರಿಯಲ್ಲಿ ಹೊಗೆ ಬರದಿದ್ದರೆ ಹೆಚ್ಚಾಗಿ ಹೊಗೆಯ ಎಣ್ಣೆ ಮುಗಿದಿರುತ್ತದೆ, ಎಣ್ಣೆ ಇಲ್ಲದೆ ಓಡಿಸಿದರೆ ಒಳಗಿನ ಬತ್ತಿ ಸುಟ್ಟು ಹೋಗುತ್ತದೆ. ಹೊಗೆ ಬೇಡದಿದ್ದರೆ ಅದರ ಪ್ಲಗ್ಗನ್ನೇ ತೆಗೆದಿಡಿ, ಬ್ಯಾಟರಿಯೂ ಜಾಸ್ತಿ ಹೊತ್ತು ಬರುತ್ತದೆ.

ಈಗ ಅಪ್‌ಗ್ರೇಡ್

ದೋಷ ಎಲ್ಲಿದೆ ಅಂತ ಗೊತ್ತಾದ ಮೇಲೆ ಅಪ್‌ಗ್ರೇಡ್ ಮಾಡಿದರೆ ಅರ್ಥ ಇದೆ. ಕ್ರಮ ಮಾತ್ರ ತಪ್ಪಬಾರದು: ಮೊದಲು ಸ್ಟೀಲ್ ಗೇರ್‌ಬಾಕ್ಸ್, ಆಮೇಲೆ ಮೆಟಲ್ ಸ್ಪ್ರಾಕೆಟ್ ಮತ್ತು ಐಡ್ಲರ್, ಕೊನೆಗೆ ಮೆಟಲ್ ಟ್ರ್ಯಾಕ್. ಜನ ಉಲ್ಟಾ ಮಾಡುತ್ತಾರೆ, ಫೋಟೋದಲ್ಲಿ ಮೆಟಲ್ ಟ್ರ್ಯಾಕೇ ಚಂದ ಕಾಣುವುದಲ್ವಾ. ಪ್ಲಾಸ್ಟಿಕ್ ಸ್ಪ್ರಾಕೆಟಿನ ಮೇಲೆ ಲೋಹದ ಟ್ರ್ಯಾಕ್ ಹಾಕಿದರೆ ಅದು ಹಲ್ಲನ್ನು ತಿಂದುಹಾಕುತ್ತದೆ, ಜಾಸ್ತಿಯಾದ ಭಾರಕ್ಕೆ ಪ್ಲಾಸ್ಟಿಕ್ ಗೇರೂ ಹೋಗುತ್ತದೆ. ಮನೆಯೊಳಗೆ ಮಾತ್ರ ಓಡಿಸುವವರಿಗೆ ಮೆಟಲ್ ಟ್ರ್ಯಾಕ್ ಬೇಡವೇ ಬೇಡ. ಹಳೇ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಒಮ್ಮೆ ತಿರುಗಿಸಿದರೆ ಅಜ್ಜಿ ಟ್ಯಾಂಕನ್ನೂ ನಿಮ್ಮನ್ನೂ ಒಟ್ಟಿಗೇ ಹೊರಗೆ ಹಾಕುತ್ತಾರೆ.

ಗೇರ್‌ಬಾಕ್ಸ್ ಜೋಡಿಯಾಗಿಯೇ ತೆಗೆದುಕೊಳ್ಳಿ. ಒಂದು ಹಳತು ಒಂದು ಹೊಸತು ಇದ್ದರೆ ಟ್ಯಾಂಕ್ ನೇರ ಹೋಗುವುದಿಲ್ಲ. 3:1, 4:1, 5:1 ಅಂತ ಬರೆದಿರುತ್ತಾರೆ. ಸಂಖ್ಯೆ ದೊಡ್ಡದಾದಷ್ಟು ನಿಧಾನ, ಎಳೆಯುವ ಶಕ್ತಿ ಜಾಸ್ತಿ. ಭಾರದ ಟ್ಯಾಂಕ್‌ಗೆ, ಏರು ತಗ್ಗಿನ ತೋಟಕ್ಕೆ ದೊಡ್ಡ ಸಂಖ್ಯೆಯದ್ದೇ ಸರಿ. ಷಾಫ್ಟಿನ ಉದ್ದ ಮಾದರಿಯಿಂದ ಮಾದರಿಗೆ ಬೇರೆ, ಹಳೆಯದನ್ನು ಅಳೆದು ಆರ್ಡರ್ ಮಾಡಿ.

ಭಾರ ಇದ್ದಷ್ಟು ನಿಜವಾದದ್ದರ ಹಾಗೆ ಕಾಣುತ್ತದೆ ಅನ್ನುವವರಿಗೆ ಒಂದು ಲೆಕ್ಕ. ಟೈಗರ್ ಸುಮಾರು 57 ಟನ್. 1/16 ಅಂದರೆ ಉದ್ದ, ಅಗಲ, ಎತ್ತರ ಮೂರೂ 16ರಲ್ಲಿ ಒಂದು ಪಾಲು, ತೂಕ 4096ರಲ್ಲಿ ಒಂದು ಪಾಲು. ಸುಮಾರು 14 ಕಿಲೋ ಆಗಬೇಕು. ಪ್ಲಾಸ್ಟಿಕ್ ಅಡಿಯ ಟ್ಯಾಂಕ್‌ಗೆ ಅಷ್ಟು ಹೊರಿಸಿದರೆ ಸ್ಪ್ರಿಂಗ್ ಕೂತು ಹೊಟ್ಟೆ ನೆಲಕ್ಕೆ ತಾಗುತ್ತದೆ. ಆ ಆಸೆ ಬಿಡಿ.

ಸ್ಟೀಲ್ ಹಾಕಿದ ಮೇಲೆ ನಮ್ಮ ಮಳೆಗಾಲದಲ್ಲಿ ಹೊಸ ಕೆಲಸ ಶುರು, ತುಕ್ಕು. ಜೂನ್ ಬರುವ ಮೊದಲು ಗೇರುಗಳ ಹಳೇ ಗ್ರೀಸ್ ಒರೆಸಿ, ತೆಳ್ಳಗೆ ಬಿಳಿ ಲಿಥಿಯಂ ಗ್ರೀಸ್ ಹಚ್ಚಿ. ಹೆಚ್ಚು ಮೆತ್ತಿದರೆ ಧೂಳು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಮೆಟಲ್ ಟ್ರ್ಯಾಕಿನ ಪಿನ್‌ಗಳಿಗೆ ಎಣ್ಣೆ ಕೈ ಸವರಿದರೆ ಸಾಕು. ಬೇಕಲದ ಮರಳಿನಲ್ಲಿ ಓಡಿಸಿ ಫೋಟೋ ತೆಗೆಯುವ ಆಸೆ ಇದ್ದರೆ ಓಡಿಸದೆ ನಿಲ್ಲಿಸಿಯೇ ತೆಗೆಯಿರಿ, ಉಪ್ಪು ಮರಳು ಗೇರ್‌ಬಾಕ್ಸ್ ಸೇರಿದರೆ ಪೂರ್ತಿ ಬಿಚ್ಚಿ ತೊಳೆಯದೆ ಬೇರೆ ದಾರಿ ಇಲ್ಲ. ಮಳೆಗಾಲಕ್ಕೆ ಎತ್ತಿಡುವಾಗ ಲಿಥಿಯಂ ಬ್ಯಾಟರಿಯನ್ನು ಟ್ಯಾಂಕ್‌ನಿಂದ ತೆಗೆದು, 7.6 ವೋಲ್ಟಿನ ಆಸುಪಾಸಿನಲ್ಲಿ ಇರಿಸಿ, ಪೂರ್ತಿ ತುಂಬಿಸಿಯೂ ಅಲ್ಲ, ಖಾಲಿ ಮಾಡಿಯೂ ಅಲ್ಲ. ಟ್ಯಾಂಕನ್ನು ಮರದ ತುಂಡಿನ ಮೇಲೆಯೇ ಇಟ್ಟರೆ ಸ್ಪ್ರಿಂಗಿಗೂ ವಿಶ್ರಾಂತಿ, ಮತ್ತೆ ಬಟ್ಟೆ ಮುಚ್ಚಿ, ಇರುವೆ ಗೂಡು ಕಟ್ಟದ ಹಾಗೆ ತಿಂಗಳಿಗೊಮ್ಮೆ ತೆಗೆದು ಎರಡು ನಿಮಿಷ ಓಡಿಸಿ.